ಈ ಬರಹದ ಜೊತೆ ಆ ಫೋಟೋ ಇಲ್ಲ: ಯೂಜೀನ್ ಸ್ಮಿತ್ ಮತ್ತು ಮಿನಮಾಟ

ಈ ಬರಹದ ಜೊತೆ ಒಂದು ಫೋಟೋ ಇರಬೇಕಿತ್ತು. ಬೇಕಂತಲೇ ಹಾಕಿಲ್ಲ. ಯಾಕೆ ಅಂತ ಹೇಳಬೇಕಾದರೆ ಅದನ್ನು ತೆಗೆದ ಮನುಷ್ಯನ ಇಡೀ ಬದುಕನ್ನೇ ಹೇಳಬೇಕಾಗುತ್ತದೆ.

ಫೋಟೋದಲ್ಲಿ ಇರುವುದಿಷ್ಟು. ಜಪಾನಿನ ಮನೆಯೊಂದರ ಬಚ್ಚಲು, ನೀರು ತುಂಬಿದ ತೊಟ್ಟಿ, ಹದಿನೈದು ವರ್ಷದ ಮಗಳನ್ನು ತೋಳಲ್ಲಿ ಹಿಡಿದು ಸ್ನಾನ ಮಾಡಿಸುತ್ತಿರುವ ತಾಯಿ. ಆ ಮಗಳು ಹುಟ್ಟುವ ಮೊದಲೇ, ತಾಯಿಯ ಹೊಟ್ಟೆಯಲ್ಲಿದ್ದಾಗಲೇ, ಕಾರ್ಖಾನೆಯೊಂದರ ಪಾದರಸ ಅವಳ ಮೆದುಳು ಸೇರಿತ್ತು. 1971ರ ಡಿಸೆಂಬರ್‌ನಲ್ಲಿ ತೆಗೆದ ಚಿತ್ರ 1972ರ ಜೂನ್‌ನಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯಲ್ಲಿ ಅಚ್ಚಾಯಿತು. ಮಿನಮಾಟ ಅನ್ನುವ ಊರಿನ ಹೆಸರು ಹೊರಜಗತ್ತಿನಲ್ಲಿ ನಿಂತಿದ್ದು ಬಹುಮಟ್ಟಿಗೆ ಆ ಒಂದು ಫೋಟೋದಿಂದ.

ತೆಗೆದವರು ಡಬ್ಲ್ಯೂ. ಯೂಜೀನ್ ಸ್ಮಿತ್. 1978ರಲ್ಲಿ ತೀರಿಕೊಂಡರು. 2020ರಲ್ಲಿ ಜಾನಿ ಡೆಪ್ ಅವರ ಪಾತ್ರ ಮಾಡಿದ ‘ಮಿನಮಾಟ’ ಸಿನಿಮಾ ಬಂದ ಮೇಲೆ ನಮ್ಮ ವಯಸ್ಸಿನವರಿಗೂ ಹೆಸರು ಸ್ವಲ್ಪ ಪರಿಚಯವಾಯ್ತು. ಸಿನಿಮಾದಲ್ಲಿ ಅವರು ಹೀರೋ. ನಿಜವಾದ ಸ್ಮಿತ್ ಅದಕ್ಕಿಂತ ಕಷ್ಟದ ಮನುಷ್ಯ. ಕ್ಯಾಮೆರಾ ಇರುವ ಫೋನ್ ಜೇಬಲ್ಲಿಟ್ಟುಕೊಂಡು ಹೋರಾಟಗಳಿಗೆ ಹೋಗುವ ನಮ್ಮಂಥವರಿಗೆ ಸಿನಿಮಾದ ಹೀರೋಗಿಂತ ಈ ಕಷ್ಟದ ಮನುಷ್ಯನೇ ಹೆಚ್ಚು ಉಪಯೋಗ.

ಬತ್ತಿದ ನದಿಯಿಂದ ಶುರು

ಸ್ಮಿತ್ ಹುಟ್ಟಿದ್ದು 1918ರ ಡಿಸೆಂಬರ್ 30ರಂದು, ಅಮೆರಿಕದ ಕಾನ್ಸಸ್ ರಾಜ್ಯದ ವಿಚಿಟಾದಲ್ಲಿ. ಅಪ್ಪ ಧಾನ್ಯದ ವ್ಯಾಪಾರಿ. ಅಮ್ಮ ಫೋಟೋ ತೆಗೆಯುತ್ತಿದ್ದರು, ಹುಡುಗನಿಗೆ ಆ ಹುಚ್ಚು ಹತ್ತಿದ್ದು ಮನೆಯಲ್ಲೇ. 1930ರ ದಶಕದಲ್ಲಿ ಆ ಸೀಮೆಗೆ ಮಳೆ ಕೈಕೊಟ್ಟಿತು. ಹುಲ್ಲುಗಾವಲನ್ನೆಲ್ಲ ಗೋಧಿಗಾಗಿ ಉತ್ತು ಹಾಕಿದ್ದರಿಂದ ಮಣ್ಣನ್ನು ಹಿಡಿದಿಡಲು ಬೇರುಗಳೇ ಇರಲಿಲ್ಲ. ಹೊಲದ ಮೇಲ್ಮಣ್ಣು ಗಾಳಿಗೆ ಎದ್ದು ಊರೂರನ್ನೇ ಮುಚ್ಚಿತು. ‘ಡಸ್ಟ್ ಬೌಲ್’ ಅಂತ ಇತಿಹಾಸದ ಪುಸ್ತಕಗಳಲ್ಲಿ ಓದುವ ಆ ಅನಾಹುತದ ನಡುವೆ ಈ ಹುಡುಗ ಲೋಕಲ್ ಪತ್ರಿಕೆಗಳಿಗೆ ಫೋಟೋ ತೆಗೆದುಕೊಡುತ್ತಿದ್ದ. 1934ರಲ್ಲಿ, ಬತ್ತಿ ಕೆಸರಾಗಿದ್ದ ಅರ್ಕಾನ್ಸಾಸ್ ನದಿಯ ಅವನ ಫೋಟೋ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂತು. ಅವನಿಗಾಗ 15 ವರ್ಷ.

ಬರಗಾಲ ಮತ್ತು ಆರ್ಥಿಕ ಕುಸಿತ ಎರಡೂ ಸೇರಿ ಅಪ್ಪನ ವ್ಯಾಪಾರವನ್ನು ಮುಳುಗಿಸಿದವು. 1936ರಲ್ಲಿ ಅಪ್ಪ ಗುಂಡು ಹೊಡೆದುಕೊಂಡು ಸತ್ತರು. ಮಣ್ಣು ಕೆಟ್ಟರೆ ಅದರ ಏಟು ಕೊನೆಗೆ ಯಾರ ಮನೆ ಬಾಗಿಲಿಗೆ ಬರುತ್ತದೆ ಅನ್ನುವುದನ್ನು ಹುಡುಗ ಸ್ವಂತ ಮನೆಯಲ್ಲೇ ಕಂಡ. ಇನ್ನೊಂದನ್ನೂ ಕಂಡ. ಆ ಸಾವಿನ ಬಗ್ಗೆ ಪತ್ರಿಕೆಗಳು ಬರೆದದ್ದಕ್ಕೂ ಮನೆಯವರಿಗೆ ಗೊತ್ತಿದ್ದ ಸತ್ಯಕ್ಕೂ ತಾಳೆಯೇ ಆಗಲಿಲ್ಲ. ಬೇರೆಯವರ ದುಃಖವನ್ನು ಪತ್ರಿಕೆ ತನಗೆ ಬೇಕಾದ ಹಾಗೆ ತಿರುಚಬಲ್ಲದು ಅನ್ನುವ ಕಹಿ ಅವರಲ್ಲಿ ಕೊನೆವರೆಗೂ ಉಳಿಯಿತು.

ಅದಾದ ಮೇಲೆ ಒಂದು ವರ್ಷ ಕಾಲೇಜು, ಆಮೇಲೆ ನ್ಯೂಯಾರ್ಕ್. ನ್ಯೂಸ್‌ವೀಕ್‌ನಲ್ಲಿ ಸೇರಿ, ದೊಡ್ಡ ಕ್ಯಾಮೆರಾ ಬಳಸಲ್ಲ ಅಂತ ಹಟ ಹಿಡಿದು ಕೆಲಸ ಕಳೆದುಕೊಂಡರು. ಎರಡನೇ ಮಹಾಯುದ್ಧದಲ್ಲಿ ಸೈಪಾನ್, ಇವೋ ಜಿಮಾ, ಓಕಿನಾವಾಗಳಲ್ಲಿ ಫೋಟೋ ತೆಗೆದರು. 1945ರ ಮೇ ತಿಂಗಳಲ್ಲಿ ಓಕಿನಾವಾದಲ್ಲಿ ಶೆಲ್ ಸಿಡಿದು ಮುಖ ಮತ್ತು ಎಡಗೈ ಛಿದ್ರವಾದವು. ಎರಡು ವರ್ಷ ಆಪರೇಷನ್ ಮೇಲೆ ಆಪರೇಷನ್. ಆ ನೋವು ಆಮೇಲೂ ಪೂರ್ತಿ ಬಿಡಲಿಲ್ಲ, ನೋವಿನ ಜೊತೆ ಕುಡಿತವೂ ಅಂಟಿಕೊಂಡಿತು.

‘ಲೈಫ್’ ಪತ್ರಿಕೆಯ ದಿನಗಳೇ ಅವರಿಗೆ ಹೆಸರು ತಂದದ್ದು. 1948ರಲ್ಲಿ ಕೊಲರಾಡೊದ ಹಳ್ಳಿ ಡಾಕ್ಟರ್, 1951ರಲ್ಲಿ ಸೌತ್ ಕರೊಲಿನಾದ ಬಡ ಕಪ್ಪು ಕುಟುಂಬಗಳ ನಡುವೆ ಕೆಲಸ ಮಾಡುತ್ತಿದ್ದ ಸೂಲಗಿತ್ತಿ ಮಾಡ್ ಕ್ಯಾಲೆನ್. ಈ ಎರಡನೆಯದನ್ನು ನೋಡಿದ ಓದುಗರು ಕಳಿಸಿದ ದುಡ್ಡಲ್ಲಿ ಕ್ಯಾಲೆನ್ ಅವರಿಗೆ ಒಂದು ಕ್ಲಿನಿಕ್ಕೇ ಕಟ್ಟಲಾಯಿತು. ಫೋಟೋದಿಂದ ಏನಾಗುತ್ತದೆ ಅಂತ ಕೇಳುವವರಿಗೆ ಇದು ಒಂದು ಉತ್ತರ. ಆದರೆ ಪುಟದಲ್ಲಿ ಯಾವ ಚಿತ್ರ ಎಲ್ಲಿ, ಎಷ್ಟು ದೊಡ್ಡದಾಗಿ ಬರಬೇಕು ಅನ್ನುವ ವಿಷಯಕ್ಕೆ ಸಂಪಾದಕರ ಜೊತೆ ಜಗಳ ನಿಲ್ಲಲಿಲ್ಲ. ಆಲ್ಬರ್ಟ್ ಶ್ವೈಟ್ಜರ್ ಬಗೆಗಿನ 1954ರ ಫೋಟೋ ಪ್ರಬಂಧದ ಗಲಾಟೆಯಲ್ಲಿ ರಾಜೀನಾಮೆ ಬಿಸಾಕಿ ಬಂದರು.

ಇಲ್ಲಿ ಒಂದನ್ನು ಮುಚ್ಚಿಡಬಾರದು. ಅದೇ ಪ್ರಬಂಧದ ಒಂದು ಪ್ರಸಿದ್ಧ ಚಿತ್ರ ಎರಡು ನೆಗೆಟಿವ್‌ಗಳನ್ನು ಸೇರಿಸಿ ಮಾಡಿದ್ದು. ಡಾರ್ಕ್‌ರೂಮಿನಲ್ಲಿ ದಿನಗಟ್ಟಲೆ ಕೂತು ಕತ್ತಲನ್ನು ಇನ್ನಷ್ಟು ಕತ್ತಲಾಗಿಸುವುದು, ಬೆಳಕನ್ನು ಇನ್ನಷ್ಟು ತೊಳೆಯುವುದು ಅವರ ದಾರಿ. ಪತ್ರಿಕೋದ್ಯಮದಲ್ಲಿ ನಿಷ್ಪಕ್ಷಪಾತ ಅನ್ನುವುದು ಸುಳ್ಳು, ಪ್ರಾಮಾಣಿಕತೆ ಮಾತ್ರ ಸಾಧ್ಯ ಅನ್ನುವುದು ಅವರ ನಂಬಿಕೆ. ಇದನ್ನು ಒಪ್ಪಬಹುದು, ಬಿಡಬಹುದು. ಆದರೆ ತಾನು ಯಾವ ಕಡೆ ನಿಂತಿದ್ದೇನೆ ಅನ್ನುವುದನ್ನು ಅವರು ಯಾವತ್ತೂ ಮರೆಮಾಚಲಿಲ್ಲ.

1955ರಲ್ಲಿ ಉಕ್ಕಿನ ಊರು ಪಿಟ್ಸ್‌ಬರ್ಗ್‌ಗೆ ಹೋದರು. ಒಂದು ಪುಸ್ತಕಕ್ಕೆ ನೂರು ಫೋಟೋ ಬೇಕಿತ್ತು, ಕೆಲವೇ ವಾರಗಳ ಕೆಲಸ. ಸ್ಮಿತ್ ವರ್ಷಗಟ್ಟಲೆ ಅದರಲ್ಲೇ ಮುಳುಗಿದರು, ಸಾವಿರಾರು ನೆಗೆಟಿವ್ ಗುಡ್ಡೆಹಾಕಿದರು. ಹೊಗೆ, ಕುಲುಮೆ, ಕೂಲಿಕಾರರ ಬೀದಿ ಎಲ್ಲ ಸೇರಿಸಿ ಒಂದು ಮಹಾಕಾವ್ಯ ಮಾಡುವ ಆಸೆ. ಅದು ಮುಗಿಯಲಿಲ್ಲ. ದುಡ್ಡು ಮುಗಿಯಿತು, ಸಂಸಾರ ಒಡೆಯಿತು. ಮುಂದಿನ ವರ್ಷಗಳು ನ್ಯೂಯಾರ್ಕಿನ ಒಂದು ಹಳೆಯ ಮಾಳಿಗೆಯಲ್ಲಿ, ಜಾಜ್ ಸಂಗೀತಗಾರರ ನಡುವೆ ಕಳೆದವು.

ಪುಟದ ಅಂಚಿಗೆ ಹೋದ ಬಾಣ

ಈಗ ಮಿನಮಾಟಕ್ಕೆ ಬರೋಣ. ಜಪಾನಿನ ಕ್ಯೂಶು ದ್ವೀಪದ ಕುಮಾಮೊಟೊ ಪ್ರಾಂತ್ಯದಲ್ಲಿ, ಶಿರಾನುಯಿ ಸಮುದ್ರದ ದಡದಲ್ಲಿರುವ ಊರು. 1908ರಿಂದ ಅಲ್ಲಿ ಚಿಸ್ಸೋ ಕಂಪನಿಯ ಕಾರ್ಖಾನೆ. ಊರಿಗೆ ಕೆಲಸ, ತೆರಿಗೆ, ಆಸ್ಪತ್ರೆ ಎಲ್ಲಾ ಕಂಪನಿಯದೇ.

ನಾನು ಇಂಜಿನಿಯರಿಂಗ್ ಓದಿದವನು. ಕಾರ್ಖಾನೆಯೊಂದರ ಫ್ಲೋ ಚಾರ್ಟ್ ಬರೆಯುವುದನ್ನು ನಮಗೆ ಕಲಿಸಿದ್ದರು. ಎಡಗಡೆಯಿಂದ ಕಚ್ಚಾವಸ್ತು, ಮಧ್ಯೆ ಡಬ್ಬಿಗಳು, ಬಲಗಡೆ ಉತ್ಪನ್ನ. ಕೆಳಗೆ ಒಂದು ಚಿಕ್ಕ ಬಾಣ ಪುಟದ ಅಂಚಿನವರೆಗೆ ಹೋಗಿ ನಿಲ್ಲುತ್ತಿತ್ತು. ಅದರ ಪಕ್ಕ ‘ತ್ಯಾಜ್ಯ’ ಅಂತ ಬರೆದರೆ ಮಾರ್ಕ್ಸ್ ಸಿಗುತ್ತಿತ್ತು. ಅಲ್ಲಿಂದ ಮುಂದೆ ಅದು ಎಲ್ಲಿಗೆ ಹೋಗುತ್ತದೆ ಅನ್ನೋದು ಸಿಲಬಸ್‌ನಲ್ಲಿ ಇರಲಿಲ್ಲ.

ಚಿಸ್ಸೋ 1932ರಿಂದ 1968ರವರೆಗೆ ಅಸಿಟಿಲೀನ್ ಅನಿಲದಿಂದ ಅಸಿಟಾಲ್ಡಿಹೈಡ್ ಮಾಡುತ್ತಿತ್ತು. ಪ್ಲಾಸ್ಟಿಕ್ ಉದ್ಯಮಕ್ಕೆ ಬೇಕಾದ ರಾಸಾಯನಿಕಗಳಿಗೆ ಅದು ಮೂಲ. ಕ್ರಿಯೆ ಬೇಗ ನಡೆಯಲು ಪಾದರಸದ ಸಂಯುಕ್ತ ಬಳಸುತ್ತಿದ್ದರು. ಅದರಲ್ಲಿ ಒಂದಿಷ್ಟು ಪಾದರಸ ಮೀಥೈಲ್ ಮರ್ಕ್ಯುರಿಯಾಗಿ ಬದಲಾಗಿ ಕೊಳಚೆ ನೀರಿನ ಜೊತೆ ಕೊಲ್ಲಿಗೆ ಹೋಯಿತು. ಅಲ್ಲಿಂದ ಸೂಕ್ಷ್ಮಜೀವಿಗಳಿಗೆ, ಸಣ್ಣ ಮೀನಿಗೆ, ದೊಡ್ಡ ಮೀನಿಗೆ. ಪ್ರತಿ ಹಂತದಲ್ಲೂ ದೇಹದಲ್ಲಿ ಅದರ ಸಾಂದ್ರತೆ ಏರುತ್ತಾ ಹೋಯಿತು. ಮೊದಲು ಮೀನು ತಿಂದ ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. ಆಮೇಲೆ ಮೂರು ಹೊತ್ತೂ ಮೀನು ತಿನ್ನುವ ಬಡ ಬೆಸ್ತರ ಮಕ್ಕಳಿಗೆ ಕೈಕಾಲು ನಡುಗಿದವು, ಮಾತು ತೊದಲಿತು, ನೋಟ ಕಿರಿದಾಯಿತು. 1956ರ ಮೇ 1ರಂದು ಕಂಪನಿ ಆಸ್ಪತ್ರೆಯ ಮುಖ್ಯಸ್ಥ ಡಾ. ಹೊಸೊಕಾವಾ ಹಾಜಿಮೆ ಈ ಗೊತ್ತಿಲ್ಲದ ಕಾಯಿಲೆಯನ್ನು ಸರ್ಕಾರಕ್ಕೆ ವರದಿ ಮಾಡಿದರು.

1958ರಲ್ಲಿ ಕಂಪನಿ ಕೊಳಚೆಯ ಬಾಯಿಯನ್ನು ಕೊಲ್ಲಿಯಿಂದ ನದಿಯ ಮುಖಕ್ಕೆ ತಿರುಗಿಸಿತು. ಕಾಯಿಲೆ ಆ ಕಡೆಯ ಹಳ್ಳಿಗಳಿಗೂ ಹಬ್ಬಿತು. 1959ರಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದ ತಂಡ ಕಾರಣ ಪಾದರಸ ಅಂತ ಹೇಳಿತು. ಅದೇ ವರ್ಷ ಡಾ. ಹೊಸೊಕಾವಾ ಕಾರ್ಖಾನೆಯ ಕೊಳಚೆಯನ್ನು ಬೆರೆಸಿ ತಿನ್ನಿಸಿದ 400ನೇ ನಂಬರಿನ ಬೆಕ್ಕಿಗೂ ಅದೇ ಕಾಯಿಲೆ ಬಂತು. ಕಂಪನಿ ಆ ಫಲಿತಾಂಶವನ್ನು ಮುಚ್ಚಿಟ್ಟಿತು. ವರ್ಷದ ಕೊನೆಗೆ ರೋಗಿಗಳಿಗೆ ಅನುಕಂಪದ ದುಡ್ಡು ಅಂತ ಪುಡಿಗಾಸು ಕೊಟ್ಟು, ಮುಂದೆ ಕಂಪನಿಯೇ ಕಾರಣ ಅಂತ ಸಾಬೀತಾದರೂ ಹೆಚ್ಚಿಗೆ ಕೇಳುವುದಿಲ್ಲ ಅನ್ನುವ ಕರಾರಿಗೆ ಸಹಿ ಹಾಕಿಸಿಕೊಂಡಿತು. ಇನ್ನೂ ಒಂಬತ್ತು ವರ್ಷ ಕೊಳಚೆ ಹರಿಯಿತು. ಕಂಪನಿಯೇ ಕಾರಣ ಅಂತ ಸರ್ಕಾರ ಒಪ್ಪಿದ್ದು 1968ರ ಸೆಪ್ಟೆಂಬರ್‌ನಲ್ಲಿ, ಆ ಪ್ರಕ್ರಿಯೆ ಹಳೆಯದಾಗಿ ಕಂಪನಿ ತಾನಾಗೇ ನಿಲ್ಲಿಸಿದ ಮೇಲೆ.

ಊರಿನಲ್ಲೂ ರೋಗಿಗಳಿಗೆ ಜಾಗವಿರಲಿಲ್ಲ. ಕಂಪನಿ ಮುಚ್ಚಿದರೆ ನಮ್ಮ ಗತಿ ಏನು ಅನ್ನುವ ಭಯ ಉಳಿದವರಿಗೆ. ಅಂಟುರೋಗ ಅಂತ ಕೆಲವರು, ದುಡ್ಡಿಗಾಗಿ ನಾಟಕ ಅಂತ ಕೆಲವರು. ಕಾಯಿಲೆ ಇರುವ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ, ತರುತ್ತಿರಲಿಲ್ಲ. ಎಷ್ಟೋ ಜನ ಕಾಯಿಲೆಯನ್ನೇ ಬಚ್ಚಿಟ್ಟು ಬದುಕಿದರು.

ಮೊದಲಿಗ ಅಲ್ಲ, ಆದರೆ ಉಳಿದವರು

ಸ್ಮಿತ್ ಬಂದು ಮಿನಮಾಟವನ್ನು ಕಂಡುಹಿಡಿದರು ಅನ್ನುವ ಹಾಗೆ ಕಥೆ ಹೇಳುವುದು ತಪ್ಪು. ಜಪಾನಿನ ಫೋಟೋಗ್ರಾಫರ್ ಕುವಾಬಾರಾ ಶಿಸೆಯಿ 1960ರಿಂದಲೇ ಅಲ್ಲಿ ಕೆಲಸ ಮಾಡುತ್ತಿದ್ದರು. ಅದೇ ಊರಿನ ಗೃಹಿಣಿ ಇಶಿಮುರೆ ಮಿಚಿಕೊ 1969ರಲ್ಲಿ ರೋಗಿಗಳ ಬದುಕನ್ನು ಪುಸ್ತಕವಾಗಿ ಬರೆದಿದ್ದರು. ಆ ವರ್ಷವೇ 29 ಕುಟುಂಬಗಳು ಕೋರ್ಟಿಗೆ ಹೋಗಿದ್ದವು. 1970ರಲ್ಲಿ ರೋಗಿಗಳು ತಲಾ ಒಂದು ಷೇರು ಕೊಂಡು, ಯಾತ್ರಿಕರ ಬಿಳಿ ಉಡುಪು ತೊಟ್ಟು ಒಸಾಕಾದಲ್ಲಿ ಚಿಸ್ಸೋದ ಷೇರುದಾರರ ಸಭೆಗೆ ನುಗ್ಗಿದ್ದರು. ಒಡಲ ಸಂಕಟ, ಸಿಟ್ಟು ಎರಡನ್ನೂ ಸೂಚಿಸುವ ಒಂದೇ ಅಕ್ಷರ ಬರೆದ ಕಪ್ಪು ಬಾವುಟಗಳು ಅವರ ಹೋರಾಟದ ಗುರುತು. ಅಂದರೆ ತಮ್ಮನ್ನು ಜಗತ್ತು ಹೇಗೆ ನೋಡಬೇಕು ಅನ್ನುವುದನ್ನು ಆ ಬೆಸ್ತರು ಸ್ಮಿತ್‌ಗಿಂತ ಮೊದಲೇ ತಾವೇ ತೀರ್ಮಾನಿಸಿದ್ದರು.

1971ರ ಆಗಸ್ಟ್‌ನಲ್ಲಿ ಸ್ಮಿತ್ ಟೋಕಿಯೊದಲ್ಲಿ ಐಲೀನ್ ಮಿಯೊಕೊ ಅವರನ್ನು ಮದುವೆಯಾದರು. ಐಲೀನ್‌ಗೆ ಆಗ 21, ತಾಯಿ ಜಪಾನಿನವರು, ಭಾಷೆ ಗೊತ್ತು. ಮುಂದಿನ ತಿಂಗಳೇ ಇಬ್ಬರೂ ಮಿನಮಾಟಕ್ಕೆ ಹೋದರು. ಮೂರು ತಿಂಗಳು ಅಂದುಕೊಂಡಿದ್ದು ಮೂರು ವರ್ಷವಾಯ್ತು. ರೋಗಿಗಳಿದ್ದ ಕುಟುಂಬವೊಂದರ ಮನೆಯನ್ನು ಬಾಡಿಗೆಗೆ ಹಿಡಿದು, ಅಕ್ಕಪಕ್ಕದವರ ಹಾಗೆ ಅಲ್ಲೇ ಸಂಸಾರ ಹೂಡಿದರು. ಐಲೀನ್ ಬರೀ ದುಭಾಷಿಯಾಗಿರಲಿಲ್ಲ. ಅವರೂ ಫೋಟೋ ತೆಗೆದರು. 1975ರ ‘ಮಿನಮಾಟ’ ಪುಸ್ತಕ ಇಬ್ಬರ ಹೆಸರಲ್ಲೂ ಇದೆ.

1972ರ ಜನವರಿಯಲ್ಲಿ ರೋಗಿಗಳ ಜೊತೆ ಟೋಕಿಯೊ ಹತ್ತಿರದ ಗೋಯಿಯಲ್ಲಿದ್ದ ಚಿಸ್ಸೋ ಕಾರ್ಖಾನೆಗೆ ಹೋದಾಗ ಕಂಪನಿಯ ಜನ ಸ್ಮಿತ್ ಮೇಲೆ ಬಿದ್ದು ಹೊಡೆದರು. ಯುದ್ಧದಲ್ಲಿ ಜರ್ಜರಿತವಾಗಿದ್ದ ದೇಹಕ್ಕೆ ಇನ್ನೊಂದು ಏಟು. ಕಣ್ಣಿನ ನೋಟಕ್ಕೂ ಪೆಟ್ಟಾಯಿತು. ಅವರು ವಾಪಸ್ ಮಿನಮಾಟಕ್ಕೇ ಹೋದರು.

ಅದೇ ಹೊತ್ತಿಗೆ ಕಾವಾಮೊಟೊ ತೆರುವೊ ಎಂಬ ರೋಗಿಯ ನೇತೃತ್ವದಲ್ಲಿ ಒಂದು ಗುಂಪು ಟೋಕಿಯೊದ ಕಂಪನಿ ಕಚೇರಿ ಎದುರು ಧರಣಿ ಕೂತಿತ್ತು. ಆ ಧರಣಿ ನಡೆದದ್ದು ಒಂದೂವರೆ ವರ್ಷ. 1973ರ ಮಾರ್ಚ್ 20ರಂದು ಕುಮಾಮೊಟೊ ಜಿಲ್ಲಾ ನ್ಯಾಯಾಲಯ ಚಿಸ್ಸೋದ್ದೇ ತಪ್ಪು ಅಂತ ತೀರ್ಪು ಕೊಟ್ಟಿತು, ಹಳೆಯ ಕರಾರನ್ನು ಕಸದ ಬುಟ್ಟಿಗೆ ಹಾಕಿತು. ರೋಗಿಯೊಬ್ಬರಿಗೆ 1.6 ಕೋಟಿಯಿಂದ 1.8 ಕೋಟಿ ಯೆನ್ ಪರಿಹಾರ. ಇದನ್ನು ಗೆದ್ದವರು ರೋಗಿಗಳು. ಫೋಟೋ ಗೆಲ್ಲಿಸಿತು ಅನ್ನುವುದು ನಮ್ಮಂಥ ಮಾಧ್ಯಮದವರಿಗೆ ಇಷ್ಟವಾಗುವ ಕಥೆ, ಅಷ್ಟೆ. ಆ ಗೆಲುವನ್ನು ಜಪಾನಿನ ಒಂದು ಮೂಲೆಯ ಸುದ್ದಿಯಾಗಿ ಮುಗಿಯಲು ಬಿಡದೇ ಇದ್ದದ್ದು ಸ್ಮಿತ್ ಮತ್ತು ಐಲೀನ್ ಮಾಡಿದ ಕೆಲಸ.

ಚಿತ್ರ ಯಾರದ್ದು?

ಬಚ್ಚಲಿನ ಫೋಟೋ ಕದ್ದು ತೆಗೆದದ್ದಲ್ಲ. ಆ ಮನೆಯವರ ಪರಿಚಯ ಬೆಳೆದ ಮೇಲೆ, ತಂದೆ ತಾಯಿಯ ಒಪ್ಪಿಗೆ ಪಡೆದು ತೆಗೆದದ್ದು. ತಾಯಿ ಆ ಮಗಳನ್ನು ಮನೆಯ ನಿಧಿ ಅಂತ ಕರೆಯುತ್ತಿದ್ದರು. ತನ್ನ ಮೈಯ ವಿಷವನ್ನೆಲ್ಲ ಹೊಟ್ಟೆಯಲ್ಲಿದ್ದಾಗಲೇ ಇವಳು ಹೀರಿಕೊಂಡಳು, ಅದಕ್ಕೇ ತಾನೂ ಅವಳ ನಂತರ ಹುಟ್ಟಿದ ಮಕ್ಕಳೂ ಉಳಿದೆವು ಅನ್ನುವುದು ಅವರ ನಂಬಿಕೆ. ಹೊಟ್ಟೆಯಲ್ಲಿರುವ ಮಗುವನ್ನು ಮಾಸು ವಿಷದಿಂದ ಕಾಪಾಡುತ್ತದೆ ಅಂತ ಆಗಿನ ವೈದ್ಯರು ನಂಬಿದ್ದರು. ಅದು ಸುಳ್ಳು ಅಂತ ಜಗತ್ತಿಗೆ ಗೊತ್ತಾಗಿದ್ದು ಇವಳಂಥ ಮಕ್ಕಳಿಂದ. ಜಪಾನಿನ ಮನೆಗಳಲ್ಲಿ ಜೋಪಾನವಾಗಿಟ್ಟ ಹೊಕ್ಕುಳಬಳ್ಳಿಗಳನ್ನು ಮುಂದೆ ಪರೀಕ್ಷೆ ಮಾಡಿದಾಗ ಅದರಲ್ಲೂ ಪಾದರಸ ಸಿಕ್ಕಿತು.

ಫೋಟೋ ಪ್ರಪಂಚ ಸುತ್ತಿತು. ಪೋಸ್ಟರ್, ಪಠ್ಯಪುಸ್ತಕ, ಪ್ರದರ್ಶನ. ಹೋರಾಟಕ್ಕೆ ಒಳ್ಳೆಯದಾಯಿತು. ಆದರೆ ಊರಲ್ಲಿ, ಮಗಳ ಫೋಟೋ ತೋರಿಸಿ ದುಡ್ಡು ಮಾಡಿಕೊಂಡರು ಅನ್ನುವ ಗುಸುಗುಸು ಆ ಮನೆಯವರ ಬೆನ್ನು ಹತ್ತಿತು. ಒಂದು ಪೈಸೆಯೂ ಅವರಿಗೆ ಮುಖ್ಯವಾಗಿರಲಿಲ್ಲ. ಅವರು ಒಪ್ಪಿದ್ದು, ಇಂಥದ್ದು ಇನ್ಯಾರಿಗೂ ಆಗದಿರಲಿ ಅಂತ. ಮಗಳು 1977ರಲ್ಲಿ, 21ನೇ ವಯಸ್ಸಿಗೆ ತೀರಿಕೊಂಡಳು. ಫೋಟೋ ಮಾತ್ರ ಸುತ್ತುತ್ತಲೇ ಇತ್ತು. ಇಪ್ಪತ್ತು ವರ್ಷದ ನಂತರ ತಂದೆ ತಾಯಿಗೆ ಅನಿಸಿದ್ದು, ಇವಳಿಗೆ ಇನ್ನಾದರೂ ವಿಶ್ರಾಂತಿ ಬೇಡವೇ ಅಂತ. 1998ರಲ್ಲಿ ಐಲೀನ್ ಆ ಚಿತ್ರದ ಮೇಲಿನ ನಿರ್ಧಾರದ ಹಕ್ಕನ್ನು ಅವರಿಗೇ ಒಪ್ಪಿಸಿದರು, ಹೊಸದಾಗಿ ಪ್ರಕಟಣೆಗೆ ಕೊಡುವುದನ್ನು ನಿಲ್ಲಿಸಿದರು. ಫೋಟೋ ಇತಿಹಾಸದ ಆಸ್ತಿ, ಬಚ್ಚಿಡುವ ಹಕ್ಕು ಯಾರಿಗೂ ಇಲ್ಲ ಅಂತ ವಾದಿಸಿದವರಿದ್ದಾರೆ. ಸಿನಿಮಾ ಬಂದಾಗ ಆ ವಾದ ಮತ್ತೆ ಎದ್ದಿತು.

ನನಗೆ ಈ ಪ್ರಶ್ನೆ ಬರೀ ಜಪಾನಿನದ್ದಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರಲ್ಲ, ಕನ್ನಡ ಮಾತಾಡುವ ಪಡ್ರೆಯಂಥ ಊರುಗಳ ಮಕ್ಕಳ ಫೋಟೋಗಳು ಆಗ ದೇಶವನ್ನೇ ತಟ್ಟಿದವು. ಊರಿನವರೇ ಆದ ಪತ್ರಕರ್ತ ಶ್ರೀಪಡ್ರೆ ಕರುಗಳ ಊನ ಕಂಡು ಅನುಮಾನದಿಂದ ಬರೆದದ್ದು ಅದಕ್ಕಿಂತ ಎಷ್ಟೋ ಮೊದಲು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ನಿಷೇಧಿಸುವಲ್ಲಿ ಆ ಜನರ ದೀರ್ಘ ಹೋರಾಟವಿದೆ, ಆ ಫೋಟೋಗಳ ಪಾಲೂ ಇದೆ. ಆ ಮಕ್ಕಳಲ್ಲಿ ಬದುಕುಳಿದವರು ಈಗ ದೊಡ್ಡವರು. ಎಂಡೋಸಲ್ಫಾನ್ ಅಂತ ಸುದ್ದಿ ಬಂದಾಗಲೆಲ್ಲ ಬಾಲ್ಯದ ಅದೇ ಫೋಟೋ ಹೊರಗೆ ಬರುವುದನ್ನು ಅವರು ನೋಡುತ್ತಿರಬಹುದು.

ನಾನೂ ಇದರ ಹೊರಗಿಲ್ಲ. ಕೆಲವು ವರ್ಷದ ಹಿಂದೆ ಕಾರ್ಖಾನೆ ಪಕ್ಕದ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿಯ ಸುಲಿದ ಅಂಗೈ ಫೋಟೋ ತೆಗೆದೆ. ಕೇಳಿಯೇ ತೆಗೆದೆ. ಚೆನ್ನಾಗಿ ಓಡಿತು, ಸಾವಿರಾರು ಶೇರ್ ಆಯ್ತು. ತಿಂಗಳ ನಂತರ ಮೊಮ್ಮಗ ಫೋನ್ ಮಾಡಿದ. ಅಕ್ಕನ್ನ ನೋಡೋಕೆ ಬರಬೇಕಿದ್ದವರು ಫೋಟೋ ನೋಡಿ ಬರಲಿಲ್ಲ, ದಯವಿಟ್ಟು ತೆಗೀರಿ ಸರ್ ಅಂತ. ನಮ್ಮ ಪುಟದಿಂದ ತೆಗೆದೆ. ಬೇರೆಯವರು ಇಳಿಸಿಕೊಂಡಿದ್ದನ್ನು ತೆಗೆಯುವುದು ನನ್ನ ಕೈಲಿರಲಿಲ್ಲ. ಅಜ್ಜಿಯ ಒಪ್ಪಿಗೆ ಅವತ್ತಿನದ್ದು. ನಾನು ಅದನ್ನು ಯಾವತ್ತಿಗೂ ಅಂತ ಅಂದುಕೊಂಡಿದ್ದೆ.

ವಿಷ ಹರಿಸುವವರು ಬಡವರ ನದಿಯನ್ನು, ದಡವನ್ನು, ದೇಹವನ್ನು ಕೇಳದೇ ಬಳಸಿಕೊಳ್ಳುತ್ತಾರೆ. ಅದರ ವಿರುದ್ಧ ನಿಂತ ನಾವು ಅದೇ ದೇಹದ ಚಿತ್ರವನ್ನು, ಒಮ್ಮೆ ಕೇಳಿದ್ದೆವಲ್ಲ ಅನ್ನುವ ಧೈರ್ಯದಲ್ಲಿ, ಎಷ್ಟು ವರ್ಷ ಬೇಕಾದರೂ ಬಳಸಬಹುದೇ? ಆಗಲ್ಲ ಅಂತ ನನಗನ್ನಿಸುತ್ತದೆ. ಹೋಗಿ, ತೆಗೀರಿ, ತೋರಿಸಿ. ಆದರೆ ಮತ್ತೆ ಅದೇ ಮನೆಗೆ ಹೋಗಿ. ಬೇಡ ಅಂದ ದಿನ ತೆಗೆದುಹಾಕಿ. ಸ್ಮಿತ್‌ರಿಂದ ಕಲಿಯಬೇಕಾದ್ದು ಆ ಮೂರು ವರ್ಷದ ವಾಸ. ಐಲೀನ್‌ರಿಂದ ಕಲಿಯಬೇಕಾದ್ದು ಅದನ್ನು ವಾಪಸ್ ಕೊಟ್ಟ ರೀತಿ.

ಕೊನೆ

ಮಿನಮಾಟದಿಂದ 1974ರಲ್ಲಿ ವಾಪಸಾದ ಮೇಲೆ ಸ್ಮಿತ್ ಹೆಚ್ಚು ದಿನ ಬದುಕಲಿಲ್ಲ. ಮದುವೆ ಮುರಿಯಿತು, ಆರೋಗ್ಯ ಹದಗೆಟ್ಟಿತು. 1977ರಲ್ಲಿ ಪಾಠ ಹೇಳಲು ಅರಿಜೋನಾದ ಟೂಸಾನ್‌ಗೆ ಹೋದರು. ಟನ್‌ಗಟ್ಟಲೆ ನೆಗೆಟಿವ್, ಪ್ರಿಂಟು, ಕಾಗದ ಪತ್ರಗಳು ಅವರೊಂದಿಗೆ ಅಲ್ಲಿನ ವಿಶ್ವವಿದ್ಯಾಲಯ ಸೇರಿದವು. 1978ರ ಅಕ್ಟೋಬರ್ 15ರಂದು ಬೆಕ್ಕಿಗೆ ತಿಂಡಿ ತರಲು ಅಂಗಡಿಗೆ ಹೋದಾಗ ಪಾರ್ಶ್ವವಾಯು ಬಡಿದು ತೀರಿಕೊಂಡರು. 59 ವರ್ಷ. ಬ್ಯಾಂಕಿನಲ್ಲಿ ಉಳಿದಿದ್ದದ್ದು 18 ಡಾಲರ್ ಅಂತಾರೆ. ಅವರ ಹೆಸರಿನ ಅನುದಾನ 1980ರಿಂದ ದೀರ್ಘಕಾಲದ ಫೋಟೋ ಕೆಲಸ ಮಾಡುವವರಿಗೆ ಸಿಗುತ್ತಿದೆ.

ಮಿನಮಾಟ ಕೊಲ್ಲಿಯ ಪಾದರಸದ ಕೆಸರನ್ನು 1977ರಿಂದ 1990ರವರೆಗೆ ಎತ್ತಿ, ಒಂದು ಭಾಗವನ್ನು ಮುಚ್ಚಿ 58 ಹೆಕ್ಟೇರ್ ನೆಲ ಮಾಡಿದರು. ಅದರ ಕೆಳಗೆ ಪಾದರಸ ಈಗಲೂ ಇದೆ. ಕಲುಷಿತ ಮೀನು ಹೊರಹೋಗದ ಹಾಗೆ ಕೊಲ್ಲಿಗೆ ಕಟ್ಟಿದ್ದ ಬಲೆಯನ್ನು 1997ರಲ್ಲಿ ತೆಗೆದರು. ಪಾದರಸದ ಬಳಕೆಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2013ರಲ್ಲಿ ಈ ಊರಿನದೇ ಹೆಸರಿಟ್ಟರು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ರೋಗಿ ಅಂತ ಸರ್ಕಾರ ಮಾನ್ಯ ಮಾಡಿದ್ದು ಎರಡನೇ ಸಲ ಇದೇ ಕಾಯಿಲೆ ಕಂಡ ನೀಗಾಟವೂ ಸೇರಿ ಸುಮಾರು 3 ಸಾವಿರ ಜನರನ್ನು ಮಾತ್ರ. ಮಾನ್ಯತೆ ಸಿಗದವರ ಕೇಸುಗಳು ಅರ್ಧ ಶತಮಾನ ಕಳೆದರೂ ಮುಗಿದಿಲ್ಲ.

ಆ ಹುಡುಗಿಯ ಹೆಸರನ್ನು ನಾನು ಇಲ್ಲಿ ಬರೆದಿಲ್ಲ. ಹುಡುಕಿದರೆ ಹೆಸರೂ ಸಿಗುತ್ತದೆ, ಫೋಟೋನೂ ಸಿಗುತ್ತದೆ. ಹುಡುಕಬೇಕೋ ಬೇಡವೋ ಅನ್ನುವುದು ನಿಮಗೆ ಬಿಟ್ಟದ್ದು.